ಓದುಗರ ಪ್ರಶ್ನೆ: ಕಂಪ್ಯೂಟರ್ ಶುರುವಾಗುವಾಗ ಕೀಬೋರ್ಡ್ ಯಾಕೆ ಸುಮ್ನಿರುತ್ತೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ತೊಂದರೆಯ ಬಗ್ಗೆ ಇವೆ. ಕಂಪ್ಯೂಟರ್ ಆನ್ ಮಾಡಿದಾಗ ಕೀಬೋರ್ಡ್ ಮಾತು ಕೇಳಲ್ಲ. ಬರೆದವರಲ್ಲಿ ಇಬ್ಬರು ಆಗಲೇ ಹೊಸ ಕೀಬೋರ್ಡ್ ತಂದು ಹಾಕಿದ್ದಾರೆ. ದುಡ್ಡು ಹೋಯಿತು, ತೊಂದರೆ ಹಾಗೇ ಇದೆ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ಗದಗದಲ್ಲಿ ನಮ್ಮದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಪಾಂಪ್ಲೆಟ್ ಮಾಡ್ತೀವಿ. ಪೇಜ್‌ಮೇಕರ್ ಮತ್ತು ನುಡಿ ಇರುವ ಹಳೇ ಕಂಪ್ಯೂಟರ್ ಒಂದಿದೆ, ಬಿಡುವ ಹಾಗಿಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎಫ್1 ಒತ್ತಿ ಅಂತ ಬಂದು ನಿಂತುಬಿಡುತ್ತೆ. ಒತ್ತಿದರೆ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ರೀಸೆಟ್ ಬಟನ್ ನಾಲ್ಕೈದು ಸಲ ಒತ್ತಿದ ಮೇಲೆ ಹೇಗೋ ವಿಂಡೋಸ್ ಬರುತ್ತೆ, ಆಮೇಲೆ ಅದೇ ಕೀಬೋರ್ಡ್‌ನಲ್ಲಿ ರಾತ್ರಿ ತನಕ ಟೈಪ್ ಮಾಡ್ತೀವಿ. ಹೊಸ ಕೀಬೋರ್ಡ್ ಹಾಕಿದರೂ ಅದೇ ಕಥೆ. ಇನ್ನೊಂದು, ತಾರೀಕೂ ಹಿಂದೆ ಹೋಗಿರುತ್ತೆ. ಅದಿರಲಿ, ಕೀಬೋರ್ಡ್‌ದು ಮೊದಲು ಹೇಳಿ.

ಉತ್ತರ: ಅದಿರಲಿ ಅಂದಿರಲ್ಲ, ಇಡೀ ಪತ್ರದಲ್ಲಿ ಉತ್ತರ ಇರುವುದೇ ಅಲ್ಲಿ.

ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗ್ತೀರಿ, ಅಲ್ವಾ? ಮಾಡಲೇಬೇಕು. ಆದರೆ ಆಗ ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಬೋರ್ಡಿಗೆ, ಹೊರಗಿನ ಕರೆಂಟ್ ಪೂರ್ತಿ ನಿಲ್ಲುತ್ತದೆ. ತಾರೀಕು, ಟೈಮು, ಮತ್ತೆ ಬಯೋಸ್ (ವಿಂಡೋಸ್‌ಗಿಂತ ಮೊದಲು ಎದ್ದು ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್‌ಗಳು ಎಲ್ಲ ಉಳಿಯುವುದು ಬೋರ್ಡಿನ ಮೇಲಿರುವ ಒಂದು ಬಿಲ್ಲೆ ಬ್ಯಾಟರಿಯ ಮೇಲೆ. ರೂಪಾಯಿ ನಾಣ್ಯದ ಥರ ಕಾಣುತ್ತೆ, ಸಾಮಾನ್ಯವಾಗಿ ಸಿಆರ್2032 ಅಂತ ಬರೆದಿರುತ್ತೆ. ಅದು ಸೋತಿದೆ. ರಾತ್ರಿಯೆಲ್ಲ ಹಿಡಿದಿಟ್ಟುಕೊಳ್ಳಲು ಆಗದೆ ಬೆಳಗಾಗುವಷ್ಟರಲ್ಲಿ ಎಲ್ಲ ಮರೆತಿರುತ್ತೆ. ಬಯೋಸ್ ಎದ್ದು ನೋಡುತ್ತೆ, ಲೆಕ್ಕ ತಪ್ಪಿದೆ, ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ಗಳನ್ನೇ ಮತ್ತೆ ಹಾಕಿಕೊಂಡು ನಿಮ್ಮನ್ನು ಎಫ್1 ಒತ್ತಿ ಅಂತ ಕೇಳುತ್ತೆ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಬರೀ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಮೇನ್ ಸ್ವಿಚ್ ಹಾಗೇ ಬಿಟ್ಟು ನೋಡಿ. ಬಂದು ಆನ್ ಮಾಡಿದರೆ ಈ ತಕರಾರು ಇರುವುದಿಲ್ಲ. ರೀಸೆಟ್ ಒತ್ತಿದ ಮೇಲೆ ಮುಂದೆ ಹೋಗುವುದೂ ಇದಕ್ಕೇ, ಅಷ್ಟರಲ್ಲಿ ಹೊರಗಿನ ಕರೆಂಟ್ ಬಂದಿರುತ್ತದಲ್ಲ.

ಸರಿ, ಎಫ್1 ಯಾಕೆ ಕೇಳಿಸಲ್ಲ? ವಿಂಡೋಸ್ ಬರುವ ತನಕ ಕೀಬೋರ್ಡ್ ನೋಡಿಕೊಳ್ಳುವುದು ಬಯೋಸ್, ಬಂದ ಮೇಲೆ ವಿಂಡೋಸ್. ಇಬ್ಬರು ಯಜಮಾನರು, ಕೀಬೋರ್ಡ್ ಒಂದೇ. ಬಯೋಸ್‌ಗೆ ಹುಟ್ಟಿನಿಂದ ಗೊತ್ತಿದ್ದದ್ದು ದುಂಡು ಪಿನ್ನಿನ ಕೀಬೋರ್ಡ್. ಆ ದುಂಡು ಪಿನ್ನು 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದದ್ದು, ಹೆಸರೂ ಅದೇ ಉಳಿಯಿತು. ಯುಎಸ್‌ಬಿ ಬಂದದ್ದು 1996ರಲ್ಲಿ. ಹಳೇ ಬೋರ್ಡುಗಳಲ್ಲಿ ಯುಎಸ್‌ಬಿ ಕೀಬೋರ್ಡನ್ನು ಬಯೋಸ್ ಗುರುತಿಸಬೇಕಾದರೆ ಯುಎಸ್‌ಬಿ ಲೆಗಸಿ ಸಪೋರ್ಟ್ ಅಥವಾ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಅನ್ನುವ ಸೆಟ್ಟಿಂಗ್ ಆನ್ ಇರಬೇಕು. ಕೆಲವು ಬೋರ್ಡುಗಳಲ್ಲಿ ಕಾರ್ಖಾನೆ ಸೆಟ್ಟಿಂಗ್‌ನಲ್ಲೇ ಅದು ಆಫ್. ನಿಮಗೆ ಕಂಪ್ಯೂಟರ್ ಜೋಡಿಸಿಕೊಟ್ಟವರು ಯಾವತ್ತೋ ಆನ್ ಮಾಡಿದ್ದರು, ಬ್ಯಾಟರಿ ಸೋತು ಅದು ಅಳಿಸಿಹೋಯಿತು. ಹೊಸ ಕೀಬೋರ್ಡೂ ಯುಎಸ್‌ಬಿಯದೇ ಆದ್ದರಿಂದ ಅದಕ್ಕೂ ಅದೇ ಗತಿ.

ಇದನ್ನು ಕಣ್ಣಾರೆ ನೋಡಬಹುದು. ಆನ್ ಮಾಡಿದ ಕ್ಷಣ ಕೀಬೋರ್ಡಿನ ಬಲಮೇಲಿನ ಮೂರು ದೀಪಗಳನ್ನು ನೋಡಿ. ಒಮ್ಮೆ ಮಿಂಚಿದರೆ ಕರೆಂಟ್ ತಲುಪಿದೆ ಅಂತ ಅರ್ಥ, ಅಷ್ಟೇ. ಆಮೇಲೆ ನಮ್‌ಲಾಕ್ ಒತ್ತಿ. ಆ ದೀಪವನ್ನು ಹಚ್ಚುವುದು ಕೀಬೋರ್ಡ್ ಅಲ್ಲ, ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಅಪ್ಪಣೆ ಬಂದರೆ ಮಾತ್ರ ಹತ್ತುತ್ತೆ. ಮಿಂಚಿತು, ಆದರೆ ಒತ್ತಿದಾಗ ಬದಲಾಗಲಿಲ್ಲ ಅಂದರೆ ಕೀಬೋರ್ಡ್‌ಗೆ ಜೀವ ಇದೆ, ಆ ಕಡೆ ಕೇಳುವವರಿಲ್ಲ. ಅಂಗಡಿಗೆ ಓಡುವ ಮುಂಚೆ ಇದೊಂದು ನೋಡಿಬಿಡಿ ಅಂತ ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಈಗ ರಿಪೇರಿ. ಮೊದಲು ಬ್ಯಾಟರಿ, ಆಮೇಲೆ ಸೆಟ್ಟಿಂಗ್. ಉಲ್ಟಾ ಮಾಡಿದರೆ ಇವತ್ತು ಆನ್ ಮಾಡಿದ್ದು ನಾಳೆ ಬೆಳಿಗ್ಗೆ ಮತ್ತೆ ಹೋಗಿರುತ್ತೆ. ಶಟ್‌ಡೌನ್ ಮಾಡಿ, ಹಿಂದಿನ ಪವರ್ ಕಾರ್ಡ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಪಕ್ಕದ ಬಾಗಿಲು ತೆಗೆದು ಡಬ್ಬಿಯ ಬರೀ ಲೋಹವನ್ನು ಒಮ್ಮೆ ಮುಟ್ಟಿ. ಬ್ಯಾಟರಿಯ ಅಂಚಿನಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತೆ, ಅದನ್ನು ಉಗುರಿನಿಂದ ಹೊರಗೆ ಸರಿಸಿದರೆ ಬ್ಯಾಟರಿ ತಾನೇ ಎದ್ದು ಕೂರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಜಾರಿದರೆ ಬೋರ್ಡ್ ಗೀಚುತ್ತೆ. ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ, ಹೊಸದು 3 ವೋಲ್ಟ್‌ಗಿಂತ ಸ್ವಲ್ಪ ಮೇಲೇ ತೋರಿಸುತ್ತೆ, 2.7ಕ್ಕಿಂತ ಕೆಳಗೆ ಇಳಿದಿದ್ದರೆ ಅದರ ಆಯುಷ್ಯ ಮುಗಿಯಿತು. ಹೊಸದನ್ನು ಅಕ್ಷರ ಇರುವ ಮುಖ ಮೇಲೆ ಬರುವಂತೆ ಹಾಕಿ. ತೆಗೆದ ಹಳೇ ಬ್ಯಾಟರಿಯನ್ನು ಟೇಬಲ್ ಮೇಲೆ ಬಿಡಬೇಡಿ. ಅಂಗಡಿಗೆ ಸಣ್ಣ ಮಕ್ಕಳು ಬರ್ತಾವೆ, ನುಂಗಿದರೆ ಒಳಗೆ ಸುಟ್ಟು ಜೀವಕ್ಕೇ ಅಪಾಯ. ಸೋತ ಬ್ಯಾಟರಿ ಅಂತ ಉದಾಸೀನ ಮಾಡುವ ಹಾಗಿಲ್ಲ.

ಆಮೇಲೆ ಬಯೋಸ್ ಒಳಗೆ ಹೋಗಲು ಒಂದು ದುಂಡು ಪಿನ್ನಿನ ಕೀಬೋರ್ಡ್ ಬೇಕು. ಯಾರದಾದರೂ ಅಟ್ಟದ ಮೇಲೆ ಸಿಗುತ್ತೆ, ಒಂದು ಗಂಟೆಗೆ ಕೇಳಿ ತಂದರೆ ಸಾಕು. ನೇರಳೆ ಬಣ್ಣದ ತೂತಿಗೆ ಹಾಕಿ, ಹಸಿರು ಮೌಸಿನದು. ಕಂಪ್ಯೂಟರ್ ಆಫ್ ಇದ್ದಾಗಲೇ ಹಾಕಬೇಕು, ನಡೆಯುತ್ತಿರುವಾಗ ಸಿಕ್ಕಿಸಿದರೆ ಗುರುತಿಸುವುದಿಲ್ಲ. ಯುಎಸ್‌ಬಿಯನ್ನು ದುಂಡಗೆ ಮಾಡುವ ಸಣ್ಣ ಪಿನ್ನು ಮಾರುತ್ತಾರೆ, ಅದು ಎಲ್ಲ ಕೀಬೋರ್ಡ್‌ಗೂ ನಡೆಯಲ್ಲ, ಯುಎಸ್‌ಬಿ, ಪಿಎಸ್/2 ಎರಡರ ಭಾಷೆಯೂ ಬರುವ ಕೀಬೋರ್ಡ್‌ಗೆ ಮಾತ್ರ. ಆನ್ ಮಾಡಿ ಡಿಲೀಟ್ ಒತ್ತುತ್ತಾ ಇರಿ. ಒಳಗೆ ತಾರೀಕು ಸರಿಮಾಡಿ, ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಆನ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ ಬನ್ನಿ. ಹಾಲ್ಟ್ ಆನ್ ಅಂತ ಒಂದು ಸಾಲು ಕಾಣಬಹುದು, ಅದನ್ನು ನೋ ಎರರ್ಸ್ ಮಾಡಿದರೆ ಎಫ್1 ಕೇಳುವುದೇ ನಿಲ್ಲುತ್ತೆ ಅಂತ ಕೆಲವರು ಹೇಳಿಕೊಡ್ತಾರೆ. ನಿಲ್ಲುತ್ತೆ ನಿಜ. ಆದರೆ ನಿಮ್ಮಂಥ ಬಿಲ್ಲಿನ ಕೆಲಸದವರಿಗೆ ತಾರೀಕು ತಪ್ಪಿದ್ದು ಗೊತ್ತೇ ಆಗದೆ ಹೋಗುತ್ತೆ, ನಾನಂತೂ ಮಾಡಲ್ಲ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಂ.ಎಸ್‌ಸಿ. ಓದುತ್ತಿದ್ದೇನೆ ಸರ್. ಹೊಸ ಡೆಸ್ಕ್‌ಟಾಪ್, ವಿಂಡೋಸ್ 11 ಇದೆ. ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳಬೇಕು. ಬಯೋಸ್‌ಗೆ ಹೋಗಲು ಡಿಲೀಟ್ ಒತ್ತಿದರೆ ಏನೂ ಆಗಲ್ಲ, ಸೀದಾ ಪಾಸ್‌ವರ್ಡ್ ಕೇಳುತ್ತೆ. ಅಲ್ಲಿ ಕೀಬೋರ್ಡ್ ಚೆನ್ನಾಗಿದೆ. ಬೋರ್ಡ್ ಹೋಗಿದೆಯಾ?

ಉತ್ತರ: ಹೋಗಿಲ್ಲ ತಂಗಿ, ಗಾಬರಿ ಬೇಡ. ಕಂಪ್ಯೂಟರಿಗೆ ಅವಸರ ಜಾಸ್ತಿ ಅಷ್ಟೇ. ಹೊಸ ಬೋರ್ಡುಗಳಲ್ಲಿ ಫಾಸ್ಟ್ ಬೂಟ್ ಅಂತ ಇರುತ್ತೆ. ಅದು ಆನ್ ಇದ್ದರೆ ಬಯೋಸ್ ಕೆಲವು ಸಾಮಾನುಗಳನ್ನು ಮಾತಾಡಿಸದೆ ಮುಂದೆ ಹೋಗುತ್ತೆ, ಅದರಲ್ಲಿ ಯುಎಸ್‌ಬಿ ಕೀಬೋರ್ಡೂ ಬರಬಹುದು. ಅದರ ಮೇಲೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬೇರೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ. ಶಟ್‌ಡೌನ್ ಮಾಡಿ ಆನ್ ಮಾಡುವುದಕ್ಕಿಂತ ರೀಸ್ಟಾರ್ಟ್ ಒಳ್ಳೆಯದು ಅಂದರೆ ಜನ ನಂಬಲ್ಲ, ಆದರೆ ಇದು ಹಾಗೇ.

ಡಿಲೀಟ್ ಹಿಂದೆ ಓಡುವುದೇ ಬೇಡ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮೇಲೆ ಕ್ಲಿಕ್ ಮಾಡು. ನೀಲಿ ಪರದೆ ಬರುತ್ತೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಕಂಪ್ಯೂಟರ್ ತಾನೇ ಬಯೋಸ್ ಒಳಗೆ ಕರೆದುಕೊಂಡು ಹೋಗುತ್ತೆ. ಅಲ್ಲಿ ಫಾಸ್ಟ್ ಬೂಟ್ ಆಫ್ ಮಾಡಿ ಸೇವ್ ಮಾಡಿದರೆ ನಾಳೆಯಿಂದ ಡಿಲೀಟ್ ಕೇಳುತ್ತೆ.

ಆದರೆ ಇದಕ್ಕೂ ಮೊದಲು ಒಂದು ಕೆಲಸ, ಇದನ್ನು ಮರೀಬೇಡ. ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕಿನಲ್ಲಿರುವುದಕ್ಕೆಲ್ಲ ವಿಂಡೋಸ್ ಹಾಕುವ ಬೀಗ) ಹಾಕಿದೆಯಾ ನೋಡು, ವಿಂಡೋಸ್ 11ರಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೇ ಆನ್ ಆಗಿರುತ್ತೆ. ಇದ್ದರೆ 48 ಅಂಕಿಯ ರಿಕವರಿ ಕೀ ಇರುತ್ತೆ, ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತೆ. ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಟ್ಟುಕೋ. ಬಯೋಸ್‌ನಲ್ಲಿ ಏನಾದರೂ ಬದಲಾದರೆ ಅದನ್ನು ಕೇಳಬಹುದು, ಆ ಹೊತ್ತಿಗೆ ಅದು ಕೈಯಲ್ಲಿ ಇಲ್ಲದಿದ್ದರೆ ಎರಡು ವರ್ಷದ ನೋಟ್ಸು, ಪ್ರಾಜೆಕ್ಟು ಎಲ್ಲ ಬೀಗದೊಳಗೆ. ಹಾಗೆ ಕಳಕೊಂಡು ಅತ್ತವರನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಳಗೆ ಹೋದ ಮೇಲೂ ಕೀಬೋರ್ಡ್ ಸುಮ್ನಿದ್ದರೆ ಪೋರ್ಟ್ ಬದಲಿಸು. ಮುಂದಿನ ಪೋರ್ಟು, ಯುಎಸ್‌ಬಿ ಹಬ್ಬು ಬಿಟ್ಟು ಹಿಂದೆ ಬೋರ್ಡಿಗೇ ಅಂಟಿಕೊಂಡ ಕಪ್ಪು ಬಣ್ಣದ ಪೋರ್ಟಿಗೆ ಹಾಕು. ಬ್ಲೂಟೂತ್ ಕೀಬೋರ್ಡ್ ಆದರೆ ಸಾಮಾನ್ಯವಾಗಿ ವಿಂಡೋಸ್ ಬರುವ ತನಕ ನಡೆಯಲ್ಲ. ಸಣ್ಣ ಡಾಂಗಲ್ ಇರುವ ವೈರ್‌ಲೆಸ್ಸು ಬಹುಮಟ್ಟಿಗೆ ನಡೆಯುತ್ತೆ, ಯಾಕೆಂದರೆ ಬೋರ್ಡಿನ ಕಣ್ಣಿಗೆ ಅದೂ ಮಾಮೂಲಿ ಯುಎಸ್‌ಬಿಯೇ. ಬಣ್ಣಬಣ್ಣದ ದೀಪದ ಗೇಮಿಂಗ್ ಕೀಬೋರ್ಡುಗಳಲ್ಲಿ ಕೆಲವು ಬಯೋಸ್‌ಗೆ ಅರ್ಥವಾಗಲ್ಲ, ಆ ಒಂದು ದಿನಕ್ಕೆ ಸಾದಾ ಕೀಬೋರ್ಡ್ ಗೆಳತಿಯ ಹತ್ತಿರ ಇಸಕೊಂಡರೆ ಆಯಿತು.

ಪ್ರಶ್ನೆ: ಹಾವೇರಿಯಲ್ಲಿದ್ದೇನೆ, ನಿವೃತ್ತ ಶಿಕ್ಷಕ. ಮೊನ್ನೆ ನನ್ನ ವಿಂಡೋಸ್ 11 ಕಂಪ್ಯೂಟರ್ ರಿಪೇರಿ ಮಾಡೋಣ ಅಂತ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಬರುವ ನೀಲಿ ಪರದೆಗೆ ಹೋದೆ. ಅಲ್ಲಿ ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ಆಫ್ ಮಾಡಿ ಮತ್ತೆ ವಿಂಡೋಸ್‌ಗೆ ಬಂದರೆ ಎರಡೂ ಸರಿ. ಹೊಸ ಕೀಬೋರ್ಡಿಗೆ ದುಡ್ಡು ಕೊಟ್ಟಾಯಿತು. ಅಕ್ಟೋಬರ್ 2025ರಿಂದ ಅಪ್‌ಡೇಟ್ ಮಾಡಿಲ್ಲ.

ಉತ್ತರ: ಮಾಸ್ತರರೇ, ನಿಮ್ಮ ತಪ್ಪಿಲ್ಲ, ಕೀಬೋರ್ಡ್ ತಪ್ಪೂ ಇಲ್ಲ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್‌ನಲ್ಲೇ ದೋಷ ಇತ್ತು, ರಿಪೇರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ನಿಂತುಹೋದವು. ಮೈಕ್ರೋಸಾಫ್ಟ್ ಒಪ್ಪಿಕೊಂಡು ಅಕ್ಟೋಬರ್ 20ಕ್ಕೆ ಕೆಬಿ5070773 ಅನ್ನುವ ತಿದ್ದುಪಡಿ ಬಿಟ್ಟಿತು. ನೀವು ನಡುವೆ ಸಿಕ್ಕಿಕೊಂಡಿದ್ದೀರಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಬಾಕಿ ಇರುವುದೆಲ್ಲ ಹಾಕಿಬಿಡಿ, ಆ ತಿದ್ದುಪಡಿ ಆಮೇಲಿನ ಅಪ್‌ಡೇಟ್‌ಗಳಲ್ಲಿ ಸೇರಿಯೇ ಬರುತ್ತೆ. ಹೊಸ ಕೀಬೋರ್ಡ್ ವಾಪಸ್ ತಗೊಳ್ತಾರಾ ಕೇಳಿ ನೋಡಿ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಕಂಪ್ಯೂಟರ್ ಆನ್ ಮಾಡಿದರೆ ಪೀಂ ಪೀಂ ಅಂತ ಬಡಕೊಳ್ಳುತ್ತೆ, ಒಮ್ಮೊಮ್ಮೆ ಬೇಡದ ಮೆನುಗೆ ತಾನೇ ಹೋಗುತ್ತೆ. ಲೆಕ್ಕ ಬರೆಯುವ ಹುಡುಗ ಕೀಬೋರ್ಡ್ ಸತ್ತಿದೆ ಅಂತಾನೆ.

ಉತ್ತರ: ಸಾವಕಾರರೇ, ಸತ್ತದ್ದಲ್ಲ, ಯಾವುದೋ ಒಂದು ಕೀ ಒತ್ತಿದಂತೆಯೇ ಹಿಡಿದಿದೆ. ಶುರುವಿನಲ್ಲಿ ಬಯೋಸ್‌ಗೆ ಯಾರೋ ಬೆರಳು ಇಟ್ಟುಕೊಂಡೇ ಕೂತಂತೆ ಕಾಣುತ್ತೆ. ಕೀಬೋರ್ಡ್ ಕಿತ್ತು ಆನ್ ಮಾಡಿ. ಪೀಂ ಪೀಂ ನಿಂತರೆ ದೋಷ ಕೀಬೋರ್ಡಿನದೇ. ಕಿತ್ತ ಮೇಲೂ ಬಡಕೊಂಡರೆ ಅದು ರ್‍ಯಾಮಿನದೋ ಬೇರೆಯದೋ ಇರಬಹುದು, ರಿಪೇರಿಯವರನ್ನು ಕರೆಸಿ.

ನಿಮ್ಮ ಊರಿನ ಗಾಳಿಯಲ್ಲೇ ಮೆಣಸಿನ ಪುಡಿ ಇದೆ. ಅದಕ್ಕೆ ಚಹಾದ ಹನಿ ಸೇರಿದರೆ ಕೀ ಕೆಳಗೆ ಅಂಟು ಕಟ್ಟುತ್ತೆ. ದಯವಿಟ್ಟು ಬಾಯಿಂದ ಊದಬೇಡಿ, ಪುಡಿ ಎದ್ದು ಸೀದಾ ಕಣ್ಣಿಗೆ ಬರುತ್ತೆ. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು, ಕನ್ನಡಕ ಇದ್ದರೆ ಹಾಕಿಕೊಂಡು, ಹಿತ್ತಲಿಗೆ ಒಯ್ದು ಬೋರಲು ಹಿಡಿದು ಬೆನ್ನಿಗೆ ತಟ್ಟಿ. ಹಳೇ ಪೇಪರ್ ಹಾಸಿದರೆ ಎಷ್ಟು ಕೆಂಪು ಬಿತ್ತು ಅಂತ ಕಾಣುತ್ತೆ. ಆಮೇಲೆ ಒಂದೊಂದೇ ಕೀ ಒತ್ತಿ ನೋಡಿ, ಯಾವುದು ನಿಧಾನಕ್ಕೆ ಮೇಲೆ ಬರುತ್ತೋ ಅದೇ ಕಳ್ಳ. ಕೀ ಕೀಳುವ ಮುಂಚೆ ಮೊಬೈಲಿನಲ್ಲಿ ಇಡೀ ಕೀಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಲು ಹುಡುಗನಿಗೆ ಹೇಳಿ, ಇಲ್ಲದಿದ್ದರೆ ಯಾವುದು ಎಲ್ಲಿ ಅಂತ ಆಮೇಲೆ ಗೊತ್ತಾಗಲ್ಲ. ಸ್ಪೇಸ್ ಬಾರ್ ಮುಟ್ಟಬೇಡಿ, ಅದರ ಕೆಳಗೆ ತಂತಿ ಇರುತ್ತೆ, ಮತ್ತೆ ಕೂರಿಸುವುದು ಕಷ್ಟ. ಅಂಟನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಇಷ್ಟಕ್ಕೂ ಬಿಡದಿದ್ದರೆ ಹೊಸದು ತನ್ನಿ, ನಿಮ್ಮ ವಿಷಯದಲ್ಲಿ ಮಾತ್ರ ಆ ಮಾತು ಧೈರ್ಯವಾಗಿ ಹೇಳುತ್ತೇನೆ. ಜೊತೆಗೆ ಮೇಲೆ ಹೊದಿಸುವ ತೆಳು ಸಿಲಿಕೋನ್ ಕವರ್ ಒಂದು ತನ್ನಿ, ಆದರೆ ನಿಮ್ಮ ಕೀಬೋರ್ಡಿನ ಅಳತೆಗೇ ಕೂರಬೇಕು.