ಮತಪೆಟ್ಟಿಗೆಗಳು ಜೈಲಿಗೆ ಹೋದದ್ದು ಏಕೆ?

ಆತ್ಮೀಯರೇ,

ನೀವು ಕಳುಹಿಸಿದ ‘ಅಥೆನ್ಸ್‌ನ ಗುಂಡಿನ ರಾತ್ರಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ನೀವು ಆರಿಸಿಕೊಂಡ ವಿಷಯ ಬಹಳ ಒಳ್ಳೆಯದು. ಅಮೆರಿಕದ ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯಲ್ಲಿ 1946ರ ಆಗಸ್ಟ್ 1ರಂದು ಚುನಾವಣೆ ನಡೆಯಿತು. ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ್ದ ಸೈನಿಕರು ಅದೇ ರಾತ್ರಿ ಕೌಂಟಿ ಕೇಂದ್ರವಾದ ಅಥೆನ್ಸ್‌ನ ಜೈಲಿಗೆ ಬಂದೂಕು ಹಿಡಿದು ಮುತ್ತಿಗೆ ಹಾಕಿದರು. ಇದನ್ನು ಕನ್ನಡದ ಓದುಗರಿಗೆ ಹೇಳಬೇಕೆಂದು ನಿಮಗೆ ಅನ್ನಿಸಿತಲ್ಲ, ಅದು ನನಗೆ ಸಂತೋಷದ ಸಂಗತಿ.

ಈಗ ತಕರಾರಿಗೆ ಬರುತ್ತೇನೆ. ನಿಮ್ಮ ಹನ್ನೊಂದು ಪುಟಗಳಲ್ಲಿ ಎಂಟು ಪುಟ ಗುಂಡಿನ ಸದ್ದೇ ತುಂಬಿದೆ. ಶಸ್ತ್ರಾಗಾರದಿಂದ ರೈಫಲ್ ತೆಗೆದದ್ದು, ಜೈಲಿನ ಎದುರಿನ ದಿಬ್ಬ ಏರಿದ್ದು, ಡೈನಮೈಟ್ ಎಸೆದದ್ದು, ನಸುಕಿನಲ್ಲಿ ಒಳಗಿದ್ದವರು ಕೈಯೆತ್ತಿ ಹೊರಬಂದದ್ದು ಎಲ್ಲವೂ ಇದೆ. ಓದಿ ಮುಗಿಸಿದಾಗ ನನಗೆ ಉಳಿದದ್ದು ಒಂದೇ ಪ್ರಶ್ನೆ: ಒಂದು ಸಣ್ಣ ಕೌಂಟಿಯ ಶೆರಿಫ್ ಹುದ್ದೆಗಾಗಿ, ಅಂದರೆ ಮತದಿಂದ ಆರಿಸಿ ಬರುವ ಪೊಲೀಸ್ ಮುಖ್ಯಸ್ಥನ ಹುದ್ದೆಗಾಗಿ, ಜನ ಇಷ್ಟು ದೂರ ಹೋದದ್ದು ಏಕೆ? ಉತ್ತರ ನಿಮ್ಮ ಲೇಖನದಲ್ಲಿಯೇ ಇದೆ, ಎರಡನೇ ಪುಟದ ಅಡಿಟಿಪ್ಪಣಿಯಲ್ಲಿ ಮುದುಡಿ ಕುಳಿತಿದೆ. ಶೆರಿಫ್‌ಗೆ ಮತ್ತು ಅವನ ಕೈಕೆಳಗಿನ ಪೊಲೀಸರಾದ ಡೆಪ್ಯುಟಿಗಳಿಗೆ ಸಿಗುತ್ತಿದ್ದ ಹಣ ತಲೆಲೆಕ್ಕದ್ದು. ಒಬ್ಬನನ್ನು ಹಿಡಿದರೆ ಇಷ್ಟು, ಜೈಲಿಗೆ ಹಾಕಿದರೆ ಇಷ್ಟು, ಬಿಟ್ಟರೆ ಇಷ್ಟು. ಹೆದ್ದಾರಿಯಲ್ಲಿ ಹಾದುಹೋಗುವ ಬಸ್ಸುಗಳನ್ನು ನಿಲ್ಲಿಸಿ ಪ್ರಯಾಣಿಕರನ್ನು ಕೆಳಗಿಳಿಸಿ, ಕುಡಿದಿರಲಿ ಬಿಡಲಿ, ಕುಡಿದಿದ್ದಾರೆಂದು ಕೇಸು ಹಾಕಿ ದಂಡ ಕಟ್ಟಿಸಿಕೊಳ್ಳುತ್ತಿದ್ದರು. ಆ ಹುದ್ದೆ ಕೈತಪ್ಪಿದರೆ ಒಂದು ಗುಂಪಿನ ಅನ್ನವೇ ಹೋಗುತ್ತಿತ್ತು. ಚುನಾವಣೆಯ ಬಿಸಿ ಹುಟ್ಟಿದ್ದೇ ಅಲ್ಲಿ. ಅಡಿಟಿಪ್ಪಣಿಯನ್ನು ಮೇಲಕ್ಕೆ ತನ್ನಿ. ನಿದ್ದೆಗಣ್ಣಿನಲ್ಲಿ ಬಸ್ಸಿನಿಂದ ಇಳಿಯುವ ಪ್ರಯಾಣಿಕನನ್ನು ಓದುಗ ಮೊದಲು ಕಾಣಲಿ.

‘ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ, ಶೆರಿಫ್ ಎಂದರೆ ಪೊಲೀಸ್ ವರಿಷ್ಠಾಧಿಕಾರಿಯಂತೆ’ ಎಂದು ನೀವು ಬರೆದಿದ್ದೀರಿ. ಈ ಹೋಲಿಕೆ ಇಡೀ ಲೇಖನದ ಬುನಾದಿಯನ್ನೇ ಸಡಿಲಗೊಳಿಸುತ್ತದೆ. ನಮ್ಮ ಎಸ್‌ಪಿ ಸರ್ಕಾರದ ವರ್ಗಾವಣೆ ಆದೇಶ ಹಿಡಿದು ಬರುತ್ತಾರೆ, ಇನ್ನೊಂದು ಆದೇಶ ಬಂದಾಗ ಹೋಗುತ್ತಾರೆ. ಶೆರಿಫ್ ಮನೆಮನೆಗೆ ಹೋಗಿ ಮತ ಕೇಳಿ ಗೆದ್ದವನು. ಲಾಠಿಯೂ ಅವನದೇ, ಜೈಲಿನ ಬೀಗದ ಕೈಯೂ ಅವನದೇ. ಅಥೆನ್ಸ್‌ನಲ್ಲಿ ಮತಗಟ್ಟೆಯ ಬಾಗಿಲಲ್ಲಿ ನಿಂತವರೂ ಅವನ ಜನರೇ. ಪಾಲ್ ಕ್ಯಾಂಟ್ರೆಲ್ 1936ರಿಂದ ಮೂರು ಬಾರಿ ಶೆರಿಫ್ ಆಗಿ ಗೆದ್ದ. ಆಮೇಲೆ ರಾಜ್ಯದ ಸೆನೆಟ್‌ಗೆ ಹೋಗಿ ತನ್ನ ಆಪ್ತ ಪ್ಯಾಟ್ ಮ್ಯಾನ್ಸ್‌ಫೀಲ್ಡ್‌ನನ್ನು ಶೆರಿಫ್ ಮಾಡಿದ. 1946ರಲ್ಲಿ ಇಬ್ಬರೂ ಕುರ್ಚಿ ಅದಲುಬದಲು ಮಾಡಿಕೊಳ್ಳಲು ಹೊರಟಿದ್ದರು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಿದರೆ ಸಾಕು, ‘ರಾಜಕೀಯ ಯಂತ್ರ’ ಎಂಬ ಪದ ಬೇಕಾಗುವುದಿಲ್ಲ. ಹದಿನಾಲ್ಕು ಕಡೆ ಬಂದಿದೆ, ಎಣಿಸಿದೆ. ಯಂತ್ರ ಎಂದಾಗ ಕನ್ನಡದ ಓದುಗನಿಗೆ ಹಿಟ್ಟಿನ ಗಿರಣಿ ನೆನಪಾಗುತ್ತದೆ. ‘ಕ್ಯಾಂಟ್ರೆಲ್ ಕೂಟ’ ಎನ್ನಿ, ಅರ್ಥವಾಗುತ್ತದೆ.

ನಿಮ್ಮ ಐದನೇ ಪುಟದಲ್ಲಿ ಒಂದು ವಾಕ್ಯವಿದೆ: ‘ಮತ ಹಾಕಲು ಬಂದಿದ್ದ ಒಬ್ಬ ಕರಿಯ ರೈತನಿಗೆ ಗುಂಡು ತಗುಲಿತು.’ ಅಷ್ಟೇ. ಮುಂದಿನ ಸಾಲಿಗೆ ಮತ್ತೆ ಸೈನಿಕರ ಕಡೆಗೆ ಹೋಗಿದ್ದೀರಿ. ಇದನ್ನು ಓದಿ ನನಗೆ ನಿಜಕ್ಕೂ ಬೇಸರವಾಯಿತು. ‘ತಗುಲಿತು’ ಎಂದು ಬರೆದ ತಕ್ಷಣ ಗುಂಡು ಹಾರಿಸಿದವನು ವಾಕ್ಯದಿಂದ ಜಾರಿಕೊಂಡುಬಿಡುತ್ತಾನೆ. ಆ ರೈತನ ಹೆಸರು ಟಾಮ್ ಗಿಲೆಸ್ಪಿ. ವಯಸ್ಸಾದ ಮನುಷ್ಯ. ನೀರು ಸರಬರಾಜು ಕಚೇರಿಯಲ್ಲಿದ್ದ ಹನ್ನೊಂದನೇ ಮತಗಟ್ಟೆಗೆ ಬಂದಿದ್ದರು. ಇಲ್ಲಿ ಮತ ಹಾಕುವಂತಿಲ್ಲ ಎಂದು ಅವರ ಬಣ್ಣ ಎತ್ತಿ ಬೈದು, ಕೈಗೆ ಹಿತ್ತಾಳೆಯ ಮುಷ್ಟಿಕವಚ ತೊಟ್ಟು ಹೊಡೆದವನು ವೈಸ್ ಎಂಬ ಡೆಪ್ಯುಟಿ. ಮತಪತ್ರ ಕೈಯಿಂದ ಬಿತ್ತು. ಅವರು ಬಾಗಿಲ ಕಡೆಗೆ ಓಡಿದಾಗ ಅವನೇ ಬೆನ್ನಿಗೆ ಗುಂಡು ಹೊಡೆದ. ಗಿಲೆಸ್ಪಿ ಬದುಕುಳಿದರು. ನೆಲಕ್ಕೆ ಬಿದ್ದ ಆ ಮತಪತ್ರವನ್ನು ಬಿಟ್ಟು ನೀವು ರೈಫಲ್‌ಗಳ ಮಾದರಿಯ ಹೆಸರು ಪಟ್ಟಿ ಮಾಡಿದ್ದೀರಿ! ಆ ದಿನದ ಇಡೀ ಜಗಳ ಆ ಒಂದು ಕಾಗದದಲ್ಲಿದೆ. ಲೇಖನ ಬಾಗುವುದು ಅಲ್ಲಿಯೇ. ಸೈನಿಕರ ಹೋರಾಟ ವರ್ಣಭೇದದ ವಿರುದ್ಧ ಹೂಡಿದ ಹೋರಾಟವಾಗಿರಲಿಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ಅದರಿಂದ ಲೇಖನದ ತೂಕ ಹೆಚ್ಚುತ್ತದೆ.

ಇನ್ನು ಮತಪೆಟ್ಟಿಗೆಯ ವಿಷಯ. 1941ರ ಕಾಯ್ದೆಯೊಂದರಿಂದ ಕೌಂಟಿಯ ಮತಗಟ್ಟೆಗಳು 23ರಿಂದ 12ಕ್ಕೆ ಇಳಿದವು. ಕಾವಲಿಡಬೇಕಾದ ಬಾಗಿಲುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು ಎಂದು ಓದುಗನಿಗೆ ಬಿಡಿಸಿ ಹೇಳಿ. 1940, 1942, 1944ರ ಚುನಾವಣೆಗಳ ಅಕ್ರಮದ ದೂರು ಕೇಂದ್ರದ ನ್ಯಾಯ ಇಲಾಖೆಯವರೆಗೆ ಹೋಗಿಯೂ ಏನೂ ಆಗಲಿಲ್ಲ. ಅದಕ್ಕೇ ಸೈನಿಕರು ಎರಡೂ ಪಕ್ಷದವರನ್ನು ಸೇರಿಸಿ ತಮ್ಮದೇ ಅಭ್ಯರ್ಥಿಗಳನ್ನು ನಿಲ್ಲಿಸಿದರು, ಶೆರಿಫ್ ಹುದ್ದೆಗೆ ನಾಕ್ಸ್ ಹೆನ್ರಿಯನ್ನು. ಹಾಕಿದ ಮತವನ್ನು ಹಾಕಿದಂತೆಯೇ ಎಣಿಸುತ್ತೇವೆ ಎಂಬುದೊಂದೇ ಅವರು ಕೊಟ್ಟ ದೊಡ್ಡ ಭರವಸೆ. ರಸ್ತೆ, ಶಾಲೆ, ನೀರು ಯಾವುದೂ ಮೊದಲಿಗೆ ಬರಲಿಲ್ಲ. ಮತದಾನ ಮುಗಿದ ಮೇಲೆ ಡೆಪ್ಯುಟಿಗಳು ಪೆಟ್ಟಿಗೆಗಳನ್ನು ಜೈಲಿಗೆ ಹೊತ್ತೊಯ್ದರು. ಮುತ್ತಿಗೆ ಬಿದ್ದದ್ದು ಆ ಪೆಟ್ಟಿಗೆಗಳಿಗಾಗಿ. ಈ ಕಾರಣಸರಪಳಿ ನಿಮ್ಮ ಬರಹದಲ್ಲಿ ಎಲ್ಲೂ ಒಟ್ಟಿಗೆ ಬರುವುದಿಲ್ಲ.

ಇದು ನಮ್ಮ ಓದುಗರಿಗೆ ದೂರದ ವಿಷಯವಾದೀತು ಎಂಬ ಅಂಜಿಕೆ ನಿಮ್ಮ ಪತ್ರದಲ್ಲಿ ಕಂಡಿತು. ಅಂಜಬೇಡಿ. ಗ್ರಾಮ ಪಂಚಾಯಿತಿ ಚುನಾವಣೆಯ ಸಂಜೆ ನಾನು ಒಂದು ಮತಗಟ್ಟೆಯ ಹೊರಗೆ ನಿಂತಿದ್ದೆ. ಒಳಗೆ ಏಜೆಂಟರ ಎದುರು ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದರು, ಅರಗು ಕರಗುವ ವಾಸನೆ ಹೊರಗಿನವರೆಗೂ ಬಂತು. ಪೆಟ್ಟಿಗೆ ಹೊತ್ತ ವಾಹನ ತಾಲೂಕು ಕೇಂದ್ರಕ್ಕೆ ಹೊರಟಾಗ ಅದರ ಹಿಂದೆ ಏಳೆಂಟು ಬೈಕುಗಳು ಹೊರಟವು. ಎದುರಾಳಿ ಬಣಗಳ ಹುಡುಗರು ಅಕ್ಕಪಕ್ಕದಲ್ಲಿಯೇ, ಒಬ್ಬರನ್ನೊಬ್ಬರು ಮಾತನಾಡಿಸದೆ, ಕಣ್ಣು ಮಾತ್ರ ಮುಂದಿನ ವಾಹನದ ಮೇಲೆ. ನಮ್ಮಲ್ಲಿ ಒಂದೇ ಮತದಿಂದ ಸೋತವರಿದ್ದಾರೆ, ಸಮ ಬಂದು ಚೀಟಿ ಎತ್ತಿ ಗೆದ್ದವರಿದ್ದಾರೆ. ಪೆಟ್ಟಿಗೆಯನ್ನು ಕಣ್ಣಳತೆಯಿಂದ ಬಿಡಬಾರದು ಎಂಬುದು ಇಂಥ ಓದುಗರಿಗೆ ನೀವು ಕಲಿಸಬೇಕಾದ ಪಾಠವಲ್ಲ. ಹೋಲಿಕೆಯನ್ನು ನೀವು ಬರೆಯುವುದೂ ಬೇಡ, ಅವರೇ ಮಾಡಿಕೊಳ್ಳುತ್ತಾರೆ.

ಒಂದು ಸಣ್ಣ ಸೂಚನೆ, ಬೇಕಾದರೆ ಬಳಸಿ. 1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದ ಹಕ್ಕು ಕೊಡುವ ತಿದ್ದುಪಡಿ ಟೆನೆಸಿ ವಿಧಾನಸಭೆಯಲ್ಲಿ ತೂಗುಯ್ಯಾಲೆಯಲ್ಲಿದ್ದಾಗ, ತಾಯಿಯ ಪತ್ರ ಓದಿ ಮನಸ್ಸು ಬದಲಿಸಿ ಅದರ ಪರ ಮತ ಹಾಕಿದ ತರುಣ ಶಾಸಕ ಹ್ಯಾರಿ ಬರ್ನ್ ಇದೇ ಮೆಕ್‌ಮಿನ್ ಕೌಂಟಿಯ ನಿಯೋಟಾ ಊರಿನವನು.

ನಿಮ್ಮ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ‘ಹೀಗೆ ಪ್ರಜಾಪ್ರಭುತ್ವ ಗೆದ್ದಿತು’ ಎಂಬುದು ದಾಖಲೆಗೆ ಹೊಂದುವುದಿಲ್ಲ. ಹೆನ್ರಿ ಶೆರಿಫ್ ಆದದ್ದು ನಿಜ, ಗೆದ್ದವರು ತಲೆಲೆಕ್ಕದ ಗಳಿಕೆಗೆ ಮಿತಿ ಹಾಕಿದ್ದೂ ನಿಜ. ಆದರೆ ಐದು ತಿಂಗಳು ಕಳೆಯುವಷ್ಟರಲ್ಲಿ, 1947ರ ಜನವರಿಯಲ್ಲಿ, ಆ ಸೈನಿಕರ ಸಂಘಟನೆಯ ಐವರು ಮುಖಂಡರಲ್ಲಿ ನಾಲ್ವರು ಬಹಿರಂಗ ಪತ್ರ ಬರೆದರು. ಒಂದು ಕೂಟವನ್ನು ಕಿತ್ತೆಸೆದು ಅದಕ್ಕಿಂತ ಬಲವಾದ ಇನ್ನೊಂದು ತಲೆಯೆತ್ತಲು ದಾರಿ ಮಾಡಿಕೊಟ್ಟಿದ್ದೇವೆ ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಂಡರು. ಗೆದ್ದವರು ಹೀಗೆ ಬರೆಯುವುದು ಅಪರೂಪ. ಅದಕ್ಕೊಂದು ಪುಟ ಕೊಡಿ.

ಒಟ್ಟು ಆರು ಪುಟ ಸಾಕು. ಜೈಲಿನ ಮುತ್ತಿಗೆಗೆ ಒಂದು ಪುಟ, ಅದಕ್ಕಿಂತ ಹೆಚ್ಚು ಬೇಡ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತು,
ಸಂಪಾದಕ