ದಿನಕ್ಕೊಂದು ಸಾಲು

ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದ ಒಬ್ಬ ರೈತರ ಕತೆ ಇದು. ಹೆಸರು, ವಯಸ್ಸು, ಜಮೀನಿನ ಲೆಕ್ಕ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. “ನನ್ನಂಗ ಕುಂತೋರು ಯಾರರ ಓದ್ಲಿ” ಅಂದರು.

ಬಸಣ್ಣ ಅಂತ ಕರೆಯೋಣ. 48 ವರ್ಷ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವರು, ಮೂರು ಎಕರೆ ದ್ರಾಕ್ಷಿ ತೋಟ. ಡಿಸೆಂಬರಿನ ಒಂದು ಮಧ್ಯಾಹ್ನ ಹೆಂಡತಿ ಮತ್ತು ತಮ್ಮ ಅವರನ್ನು ಕರೆದುಕೊಂಡು ಬಂದರು. ನಾನು ಕೇಳಿದ್ದಕ್ಕೆಲ್ಲ ಹೆಂಡತಿಯೇ ಉತ್ತರ ಕೊಡುತ್ತಿದ್ದರು. ಎರಡು ತಿಂಗಳಿಂದ ನಿದ್ದೆ ಇಲ್ಲ. ರೊಟ್ಟಿ ಅರ್ಧಕ್ಕೇ ಬಿಟ್ಟು ಏಳ್ತಾರೆ. ಯಾರ ಫೋನೂ ಎತ್ತಲ್ಲ. ಬೆಳಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಗಳ ಪ್ರವಚನ ಹಚ್ಚುವ ರೂಢಿ ಇತ್ತಂತೆ. 2023ರ ಜನವರಿಯಲ್ಲಿ ಸ್ವಾಮೀಜಿ ತೀರಿಕೊಂಡ ಮೇಲೂ ಅದು ತಪ್ಪಿರಲಿಲ್ಲ. ಈಗ ಅದೂ ನಿಂತಿದೆ. ನಾನು ಮೊದಲು ಬರೆದುಕೊಂಡದ್ದು ಇದನ್ನೇ. ಇಷ್ಟದ ಕೆಲಸ ಸದ್ದಿಲ್ಲದೆ ಬಿಟ್ಟುಹೋಗೋದು ಖಿನ್ನತೆಯ ದೊಡ್ಡ ಗುರುತು.

ಹಿಂದಿನ ವರ್ಷ ಮಣೂಕ, ಅಂದರೆ ಒಣದ್ರಾಕ್ಷಿ, ಚೆನ್ನಾಗಿ ಬಂದಿತ್ತು, ದರ ಬರಲಿಲ್ಲ. ನಾಲ್ಕು ಕಿಲೋ ಹಣ್ಣು ಒಣಗಿಸಿದರೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಶೆಡ್ಡಿನಲ್ಲಿ ಎರಡು ಮೂರು ವಾರ ಕಾದು ಮಾಡಿದ ಮಾಲು ಅದು. ದರ ಏರಲಿ ಅಂತ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರು. ಬಾಡಿಗೆ ಏರಿತು, ದರ ಏರಲಿಲ್ಲ. ಈ ವರ್ಷ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಆಗಿ ಗೊನೆ ಹೂವಿಗೆ ಬರುವ ಹೊತ್ತಿಗೆ ಸರಿಯಾಗಿ ಮಳೆ, ಮೋಡ. ದಾವಣಿ ಅನ್ನೋ ಬೂಷ್ಟು ರೋಗ ಬಿತ್ತು. ಎಲೆಯ ಮೇಲೆ ಎಣ್ಣೆ ಸಿಡಿದಂಥ ಕಲೆ, ತಿರುವಿ ನೋಡಿದರೆ ಕೆಳಗೆ ಬಿಳಿ ಬೂಷ್ಟು. ಅದು ಹೂಗೊನೆಗೆ ಹತ್ತಿದರೆ ಆ ವರ್ಷ ಮುಗಿದಂತೆ.

ತುಂಬ ಹೊತ್ತಿನ ಮೇಲೆ ಬಸಣ್ಣ ಬಾಯಿ ಬಿಟ್ಟರು. ದನಿ ಎಷ್ಟು ಸಣ್ಣಗಿತ್ತು ಅಂದರೆ ನಾನು ಮುಂದೆ ಬಾಗಬೇಕಾಯಿತು. “ಬದುಕಾಕ ಒಂದ್ ಕಾರಣ ಹೇಳ್ರಿ ಅಕ್ಕಾರ. ಒಂದ ಸಾಕು.”

ಇಲ್ಲಿ ನಾನು ತಪ್ಪಿದೆ. “ಮಕ್ಕಳ ಮುಖ ನೋಡ್ರಿ ಅಣ್ಣಾರ” ಅಂದುಬಿಟ್ಟೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಆ ಮಾತು ಬಾಯಿಗೆ ಬಂತು ನೋಡಿ. ಅವರು ತಲೆ ತಗ್ಗಿಸಿದರು, ಮತ್ತೆ ಹತ್ತು ನಿಮಿಷ ಮಾತಿಲ್ಲ. ಆಮೇಲೆ ಗೊತ್ತಾಯಿತು, ಮಗಳ ಕಾಲೇಜು ಫೀ ಕಟ್ಟಲು ಆಗಿರಲಿಲ್ಲ. ಅವರಿಗೆ ಮಕ್ಕಳ ಮುಖವೇ ನೋವಿನ ಜಾಗ. ಇಂಥವರ ತಲೆಯಲ್ಲಿ “ನಾನು ಇಲ್ಲದಿದ್ದರೇ ಇವರಿಗೆ ಹಗುರ” ಅನ್ನೋ ಲೆಕ್ಕ ಓಡುತ್ತಿರುತ್ತದೆ. ಮಕ್ಕಳನ್ನು ನೆನಪಿಸಿದರೆ ಆ ಲೆಕ್ಕ ಒಮ್ಮೊಮ್ಮೆ ಇನ್ನೂ ಗಟ್ಟಿಯಾಗುತ್ತದೆ. ಊರವರು ಆಗಲೇ “ಧೈರ್ಯ ತಗೋ”, “ನಿನಗಿಂತ ಕಷ್ಟದಾಗ ಇದ್ದೋರನ್ನ ನೋಡು”, “ಕಾಯಕವೇ ಕೈಲಾಸ” ಎಲ್ಲ ಹೇಳಿ ಮುಗಿಸಿದ್ದರು. ಮೂರನೆಯದನ್ನು ಕೇಳಿ ಜಾಸ್ತಿ ಬೇಜಾರಾಯಿತಂತೆ. ಕಾಯಕ ಮಾಡಿಯೇ ಅಲ್ವಾ ಈ ಗತಿ ಬಂದದ್ದು!

ಹೆಂಡತಿ, ತಮ್ಮನನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ. ಸಾಯಬೇಕು ಅಂತ ಅನಿಸಿದೆಯೇ? ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಮನೆಯವರು ಹೆದರುತ್ತಾರೆ. ಹುಟ್ಟುವುದಿಲ್ಲ. ಕೇಳುವವರು ಸಿಕ್ಕಾಗ ಭಾರ ಇಳಿಸಿಡಲು ಒಂದು ಕಟ್ಟೆ ಸಿಕ್ಕ ಹಾಗೆ ಆಗುತ್ತದೆ. ಬಸಣ್ಣ “ಹೂಂ” ಅಂದರು. ಮತ್ತೆ, “ಯಾರಿಗೂ ಹೇಳಿದ್ದಿಲ್ರಿ” ಅಂದರು.

ಆ ದಿನ ಕಾರಣ ಹುಡುಕುವ ಕೆಲಸ ಪಕ್ಕಕ್ಕಿಟ್ಟೆ. ಅವರ ಒಪ್ಪಿಗೆ ಪಡೆದು ಇಬ್ಬರನ್ನೂ ಒಳಗೆ ಕರೆದೆ. ತೋಟದ ಶೆಡ್ಡಿನಲ್ಲಿದ್ದ, ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳೆಲ್ಲ ಅದೇ ಸಂಜೆ ತಮ್ಮನ ಮನೆಗೆ ಹೋಗಬೇಕು, ಬೀಗ ಹಾಕಿ ಕೀಲಿ ತಮ್ಮನ ಹತ್ತಿರವೇ ಇರಬೇಕು. ರಾತ್ರಿ ತೋಟದಲ್ಲಿ ಒಬ್ಬರೇ ಮಲಗುವುದು ಬಂದ್. ಮೂವರ ಮೊಬೈಲಿಗೂ 14416 ಹಾಕಿಸಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಮರುದಿನವೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಗುಳಿಗೆ ಶುರುವಾಯಿತು. ಎರಡು ಮೂರು ವಾರ ಏನೂ ಅನಿಸದೆ ಇರಬಹುದು, ಆಮೇಲೆ ಹಗುರಾದಾಗ “ಆರಾಮಾದೆ” ಅಂತ ತಾವಾಗಿಯೇ ನಿಲ್ಲಿಸಬಾರದು. ಇದನ್ನು ಹೆಂಡತಿಗೂ ಹೇಳಿ ಕಳಿಸಿದೆ. ಗುಳಿಗೆ ಬಿಡುವುದು ಸಾಮಾನ್ಯವಾಗಿ ಹಗುರಾದಾಗಲೇ.

ಅವರು ಹೊರಟಾಗ ಒಂದು ಸಂಗತಿ ಕಂಡೆ. ನಮ್ಮ ಕಂಪೌಂಡಿನ ತಂತಿಗೆ ಹೀರೆ ಬಳ್ಳಿ ಹಬ್ಬಿದೆ. ಬಸಣ್ಣ ಚಪ್ಪಲಿ ಮೆಟ್ಟಿ, ನಡೆಯುತ್ತಲೇ ಒಂದು ಎಲೆ ಹಿಡಿದು ಅಂಗೈ ಮೇಲೆ ತಿರುವಿದರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. “ಇದಕ್ಕೂ ದಾವಣಿ ಬಂದೈತಿ” ಅಂದರು, ಯಾರಿಗೂ ಅಲ್ಲ, ಬಳ್ಳಿಗೇ ಹೇಳಿದ ಹಾಗೆ. ರೊಟ್ಟಿ ಬಿಟ್ಟವರು, ಪ್ರವಚನ ಬಿಟ್ಟವರು, ಎಲೆ ತಿರುವುವುದನ್ನು ಬಿಟ್ಟಿರಲಿಲ್ಲ.

ಮುಂದಿನ ವಾರ ಅವರಿಗೆ ಹೇಳಿದೆ: “ಅಣ್ಣಾರ, ನೀವು ಕೇಳಿದ ಕಾರಣ ನನ್ನ ಹತ್ರ ಇಲ್ಲ. ಹುಡುಕೋಣ, ಆದರೆ ಅವಸರ ಬ್ಯಾಡ. ಏಪ್ರಿಲ್ ಚಾಟ್ನಿ ತನಕ ಟೈಮ್ ಕೊಡ್ರಿ. ಅಲ್ಲೀತನಕ ದಿನಾ ಬೆಳಗ್ಗೆ ತೋಟದಾಗ ಒಂದ ಸಾಲು ನಡೀರಿ. ಔಷಧಿ ಹೊಡೀಬ್ಯಾಡ್ರಿ, ಲೆಕ್ಕ ಹಾಕಬ್ಯಾಡ್ರಿ. ಸುಮ್ನೆ ಎಲೆ ನೋಡಿ ಬರ್ರಿ.” ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕೂತರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದೆ ಬರುತ್ತದೆ. ಮೊದಲ ವಾರ ಏಳರಲ್ಲಿ ಎರಡು ದಿನ ಹೋಗಿದ್ದರು. ನಾನು ಎರಡನ್ನೇ ಹಿಡಿದುಕೊಂಡೆ.

ಸಾಲದ ಮಾತಿಗೆ ಬಂದದ್ದು ನಾಲ್ಕನೇ ಭೇಟಿಯಲ್ಲಿ. ಎಷ್ಟು ಅಂತ ಕೇಳಿದರೆ “ಭಾಳ ಐತ್ರಿ, ಇಪ್ಪತ್ತರ ಮ್ಯಾಲ” ಅಂದರು. ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಬ್ಯಾಂಕು, ಸೊಸೈಟಿ, ಔಷಧಿ ಅಂಗಡಿ, ಕೈಗಡ. ಕೂಡಿಸಿದಾಗ 14 ಲಕ್ಷ 60 ಸಾವಿರ. ಕಮ್ಮಿ ಏನಲ್ಲ. ಆದರೆ ತಲೆಯಲ್ಲಿದ್ದ ಸಾಲಕ್ಕೆ ತಳ ಇರಲಿಲ್ಲ, ನೋಟ್‌ಬುಕ್ಕಿನದಕ್ಕೆ ಇತ್ತು. ಅದರಲ್ಲಿ ಎರಡು ಲಕ್ಷ ಹೆಂಡತಿಗೆ ಗೊತ್ತೇ ಇರಲಿಲ್ಲ. ಹೇಳಿ ಅಂದೆ. ಹೇಳಿದರು. ಆಕೆ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನೋಟ್‌ಬುಕ್ ಇಸಕೊಂಡು, ಯಾವುದಕ್ಕೆ ಎಷ್ಟು ಬಡ್ಡಿ ಅಂತ ಒಂದೊಂದಾಗಿ ಕೇಳಿದರಂತೆ. ಕೈಗಡ ಮೊದಲು ತೀರಿಸುವುದು, ಬ್ಯಾಂಕಿನಲ್ಲಿ ಕಂತು ಮುಂದೂಡಲು ಅರ್ಜಿ ಕೊಡುವುದು, ಹವಾಮಾನ ಆಧಾರಿತ ವಿಮೆ ಕಟ್ಟಿದ್ದರ ರಸೀದಿ ಹುಡುಕುವುದು, ಇದೆಲ್ಲ ಅವರಿಬ್ಬರೇ ಕೂತು ಮಾಡಿದ ಲೆಕ್ಕ. ನನಗೆ ಬ್ಯಾಂಕಿನ ವ್ಯವಹಾರ ಅಷ್ಟಕ್ಕಷ್ಟೇ.

ಎಲ್ಲ ಸಲೀಸಾಗಿ ಆಯಿತು ಅಂತ ತಿಳಿಯಬೇಡಿ. ಫೆಬ್ರುವರಿಯಲ್ಲಿ ಕೈಗಡ ಕೊಟ್ಟವರು ಮನೆ ಮುಂದೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಬೈದು ಹೋದರು. ಆ ರಾತ್ರಿ ಬಸಣ್ಣನಿಗೆ ಮತ್ತೆ ಅದೇ ಯೋಚನೆ. ಆದರೆ ಈ ಸಲ ಎದ್ದು ತಮ್ಮನ ಮನೆ ಬಾಗಿಲು ಬಡಿದರು. ಇಬ್ಬರೂ ಕಟ್ಟೆ ಮೇಲೆ ಬೆಳಕಾಗುವ ತನಕ ಕೂತಿದ್ದರು. ಏನು ಮಾತಾಡಿದಿರಿ ಅಂತ ತಮ್ಮನನ್ನು ಕೇಳಿದೆ. “ಏನಿಲ್ರಿ. ಎರಡ್ ಸಲ ಚಾ ಮಾಡಿ ಕುಡದ್ವಿ.” ಮನೆಯವರಿಗೆ ನಾನು ಹೇಳಬೇಕೆಂದಿದ್ದ ಸಲಹೆಯನ್ನು ಆತ ಕೇಳದೆಯೇ ಮಾಡಿ ಮುಗಿಸಿದ್ದರು. ಮರುದಿನ ಮನೋವೈದ್ಯರಿಗೆ ತೋರಿಸಿದೆವು, ಗುಳಿಗೆಯ ಪ್ರಮಾಣ ಬದಲಾಯಿತು.

ಮಾರ್ಚಿನಲ್ಲಿ ಒಂದು ದಿನ ಬಂದು ಕೂತವರೇ ಹೇಳಿದರು: “ಈಗ ಸಾಲ ಬಿಟ್ಟು ಸಾಲು ನೋಡಾಕತ್ತೀನ್ರಿ.” ನಾನು ನಗುವ ಮೊದಲೇ ಅವರೇ ನಕ್ಕರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ಹಲ್ಲು ಕಂಡೆ.

ಏಪ್ರಿಲ್ ಹತ್ತಿರ ಬಂದಾಗ ಅವರು ಮಾಡಿದ ತೀರ್ಮಾನ ಊರಿಗೆ ಹಿಡಿಸಲಿಲ್ಲ. ಮೂರು ಎಕರೆಯಲ್ಲಿ ಒಂದು ಎಕರೆ ಬಳ್ಳಿ ಕಿತ್ತು ಹಾಕಿದರು. ತೊಗರಿ ಹಾಕ್ತಾರಂತೆ. “ಬಸಣ್ಣ ಸೋತ” ಅಂದರು ಜನ. ನನಗೆ ಹಾಗೆ ಅನಿಸಲಿಲ್ಲ. ಹೊತ್ತುಕೊಂಡು ನಡೆಯುವಷ್ಟನ್ನೇ ಇಟ್ಟುಕೊಂಡರು, ಅಷ್ಟೇ. ಎಲ್ಲವನ್ನೂ ಬಿಗಿಹಿಡಿದು ನಿಂತವರು ಮುರಿದು ಬಿದ್ದದ್ದನ್ನು ಈ ಕೋಣೆಯಲ್ಲಿ ಸಾಕಷ್ಟು ನೋಡಿದ್ದೇನೆ. ಬದುಕಲು ಕಾರಣ ಸಿಕ್ಕಿತಾ ಅಂತ ನಾನೂ ಕೇಳಲಿಲ್ಲ, ಅವರೂ ಆ ಮಾತು ಎತ್ತಲಿಲ್ಲ.

ಗುಳಿಗೆ ಇನ್ನೂ ನಡೆದಿದೆ. ಸಾಲ ಅಷ್ಟೇನೂ ಕರಗಿಲ್ಲ. ಭೇಟಿ ಈಗ ತಿಂಗಳಿಗೊಮ್ಮೆ. ಹೋದ ಸಲ ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡಾದರೂ ಒಳಗೆ ಬರಲಿಲ್ಲ. ಹೊರಗಿನಿಂದ ಜೋರು ದನಿ ಕೇಳಿತು. ಕಿಟಕಿಯಿಂದ ನೋಡಿದೆ. ಬಸಣ್ಣ ಹೀರೆ ಬಳ್ಳಿ ಪಕ್ಕ ನಿಂತು ಫೋನಿನಲ್ಲಿ ಯಾರಿಗೋ ಝಾಡಿಸುತ್ತಿದ್ದರು. ಚಾಟ್ನಿಗೆ ಎಂಟು ಆಳು ಕಳಿಸ್ತೀನಿ ಅಂದವನು ಮೂರೇ ಆಳು ಕಳಿಸಿದ್ದನಂತೆ. ಸಣ್ಣಗೆ ಮಾತಾಡಿ ಅಂತ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನಾನು ಅವರಿಗೆ ಕೈ ಸನ್ನೆ ಮಾಡಿದೆ, ಬೈಯಲಿ ಬಿಡಿ ಅಂತ.