ನೆಂಟರ ಹಾಗೇ ಉಳಿದುಬಿಡಬೇಡ, ತಂಗಿ

"ಅಕ್ಕಾ, ಕ್ಲಾಸಿನವರೆಲ್ಲ ನಗುನಗುತ್ತಾ ಮಾತಾಡುತ್ತಾರೆ, ಶನಿವಾರ ಬಂದರೆ ಯಾರೂ ಕರೆಯುವುದಿಲ್ಲ. ನನ್ನ ಉಚ್ಚಾರಣೆ ಕಾರಣವಾ? ನಮ್ಮವರ ಜೊತೆ ಓಡಾಡೋದು ಕಡಿಮೆ ಮಾಡಲಾ?" ಅಂತ ಕೇಳಿದ್ದೀಯ. ನಾನೂ ನಿನ್ನ ಹಾಗೆ ಓದಲು ವಿದೇಶಕ್ಕೆ ಬಂದ ಹೊಸತರಲ್ಲಿ ಇದನ್ನೇ ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಒದ್ದಾಡಿದ್ದೆ.

ಉಚ್ಚಾರಣೆಯ ಚಿಂತೆ ಬಿಡು. ಅವರ ಕಿವಿಯೂ ಪಳಗುತ್ತದೆ.

ಕರೆಯದೆ ಇರುವುದು ಬಹುಪಾಲು ಸೋಮಾರಿತನದಿಂದ. ಅವರ ವಾಟ್ಸಾಪ್ ಗ್ರೂಪ್ ನೀನು ಬರುವ ಮೊದಲೇ ಆಗಿಹೋಗಿದೆ, ಹೊಸಬರನ್ನು ಸೇರಿಸಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ. "ಯಾವಾಗಲಾದರೂ ಸಿಗೋಣ" ಅಂದದ್ದನ್ನು ನಂಬಿಕೊಂಡು ಕಾಯಬೇಡ. "ಗುರುವಾರ 5 ಗಂಟೆಗೆ ಲೈಬ್ರರಿ ಮುಂದೆ ಇರ್ತೀನಿ, ಬರ್ತೀಯಾ?" ಅಂತ ನೀನೇ ಒಬ್ಬರನ್ನು ಕೇಳು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ್ದರು: ಪರಿಚಯ ಸಾಧಾರಣ ಸ್ನೇಹವಾಗಲಿಕ್ಕೇ ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಆಪ್ತರಾಗಲು 200ಕ್ಕೂ ಜಾಸ್ತಿ. ಬರೀ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ. ಹಾಗಾಗಿ ಇಷ್ಟು ಬೇಗ ಬೇಜಾರಾಗಬೇಡ.

ನನಗೆ ನಿಜವಾಗಿ ಕಷ್ಟವಾದದ್ದು ಗುಂಪಿನೊಳಗೆ ಸೇರಿದ ಮೇಲೆ. ಎಲ್ಲದಕ್ಕೂ ಕರೆಯುತ್ತಿದ್ದರು, ಆದರೆ ನೆಂಟರ ಥರ. ನೆಂಟರನ್ನು ಹೇಗೆ ನೋಡಿಕೊಳ್ಳುತ್ತೇವೆ ಅಂತ ನಿನಗೇನು ಹೇಳೋದು! ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಖರ್ಚಿನ ಪಾಲು ಕೇಳುತ್ತಿರಲಿಲ್ಲ. ನಾನು ಏನೇ ಅಂದರೂ ವಾದಕ್ಕೆ ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ "ನಿಮ್ಮ ದೇಶದಲ್ಲಿ ಹೇಗೆ?" ಅನ್ನುವ ಪ್ರಶ್ನೆ. ಮೊದಮೊದಲು ಹಿತವಾಗಿತ್ತು. ಆಮೇಲೆ ಗುಂಪಿನ ಒಬ್ಬಳ ತಂದೆ ತೀರಿಕೊಂಡರು. ಉಳಿದವರೆಲ್ಲ ಹೋಗಿ ಬಂದಾಗಿತ್ತು, ನನಗೆ ಗೊತ್ತಾದದ್ದು ವಾರದ ಮೇಲೆ. "ನಿನಗೆ ಯಾಕೆ ಸುಮ್ನೆ ತೊಂದರೆ ಅಂತ ಹೇಳಲಿಲ್ಲ" ಅಂದರು. ಪ್ರೀತಿಯಿಂದಲೇ ಅಂದದ್ದು. ಇಷ್ಟು ವರ್ಷವಾದರೂ ಆ ಮಾತು ಚುಚ್ಚುತ್ತದೆ. ಇಂಥದ್ದಕ್ಕೆ ಕರೆಯಲಿ ಅಂತ ಕಾಯುವವರಲ್ಲ ನಾವು, ಆದರೆ ಸುದ್ದಿಯಾದರೂ ತಲುಪಬೇಕಲ್ವಾ?

ಅದಕ್ಕೇ ಈಗಿನಿಂದಲೇ ಕೆಲಸ ಕೇಳಿ ಮಾಡು. ಯಾರಾದರೂ ರೂಮು ಬದಲಾಯಿಸಿದರೆ ಸಾಮಾನು ಹೊರಲು ಹೋಗು. ನಿನಗೆ ಜ್ವರ ಬಂದರೆ ಮಾತ್ರೆ ತಂದುಕೊಡು ಅಂತ ಅವರನ್ನೂ ಕೇಳು, ಸಂಕೋಚ ಬೇಡ. ಜೋಕು ಅರ್ಥವಾಗದಿದ್ದರೆ ಸುಮ್ನೆ ನಗಬೇಡ, ಏನದು ಅಂತ ವಿಚಾರಿಸು.

ಇನ್ನು ನಮ್ಮವರನ್ನು ಬಿಡುವ ಮಾತು. ಯಾರು ಹೇಳಿಕೊಟ್ಟರು ಇದನ್ನು? 1977ರಲ್ಲಿ ಹವಾಯಿಯಲ್ಲಿ ಸ್ಟೀಫನ್ ಬಾಕ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ವಿದೇಶಿ ವಿದ್ಯಾರ್ಥಿಗಳಿಗೆ ಮೂರು ಬಳಗ ಇರುವುದನ್ನು ಗುರುತಿಸಿದ್ದರು: ತಮ್ಮ ದೇಶದವರು, ಅಲ್ಲಿನವರು, ಬೇರೆ ದೇಶಗಳಿಂದ ಬಂದವರು. ಒಂದೊಂದಕ್ಕೂ ಒಂದೊಂದು ಕೆಲಸ. ಓದಿನ ವಿಷಯಕ್ಕೆ ಅಲ್ಲಿನವರು ಬೇಕು. ಅಮ್ಮನ ನೆನಪಾಗಿ ಅಳು ಬಂದಾಗ ನಮ್ಮವರೇ ಆಗಬೇಕು. ಮೂರನೆಯವರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ನಿನ್ನ ಕ್ಲಾಸಿನಲ್ಲೂ ಬೇರೆ ದೇಶದಿಂದ ಬಂದ ಇನ್ನೊಬ್ಬಳು ಒಬ್ಬಳೇ ಕೂತಿರುತ್ತಾಳೆ, ನೋಡು. ಮೊದಲು ಅವಳನ್ನು ಮಾತಾಡಿಸು. ನನ್ನ ಮದುವೆಗೆ ವಿಮಾನ ಹತ್ತಿ ಬಂದವರೆಲ್ಲ ಆ ಮೂರನೆಯ ಬಳಗದವರೇ.